ಮಂಕಾದ ತಗಡಿನ ಶೆಡ್‌ಗೆ ಮತ್ತೆ ಬಣ್ಣ: ತೊಳೆಯುವುದರಿಂದ ಕೊನೆಯ ಕೋಟ್‌ವರೆಗೆ

ತಗಡಿನ ಶೆಡ್‌ಗೆ ಹೊಡೆದ ಬಣ್ಣ ಒಂದೆರಡು ವರ್ಷಕ್ಕೇ ಹಾಳೆ ಹಾಳೆಯಾಗಿ ಎದ್ದು ಬಂದರೆ ಬೈಗುಳ ಬೀಳುವುದು ಬಣ್ಣಕ್ಕೆ. ಆದರೆ ಬಹಳ ಸಲ ತಪ್ಪು ಬಣ್ಣದ್ದಲ್ಲ. ಕೆಳಗಿರುವ ತಗಡು ಯಾವುದು ಅಂತ ನೋಡದೆ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಹೊಡೆಯುವ ಅಡಿಕೋಟ್, ತಂದಿರುತ್ತಾರೆ. ಇಲ್ಲವೇ ಹಳೇ ಬಣ್ಣದ ಪುಡಿಯ ಮೇಲೆಯೇ ಹೊಸದನ್ನು ಬಳಿದಿರುತ್ತಾರೆ. ಹಾಗಾಗಿ ಈ ಬರಹದಲ್ಲಿ ಬ್ರಷ್ ಕೈಗೆ ಬರುವುದು ತಡವಾಗಿ. ಅದಕ್ಕೆ ಮುಂಚಿನ ಕೆಲಸವೇ ಇಲ್ಲಿ ಜಾಸ್ತಿ. ನಿಮ್ಮ ಶೆಡ್‌ನಲ್ಲೂ ಸಮಯ ಹಾಗೆಯೇ ಹಂಚಿಹೋಗಬೇಕು.

ಬಣ್ಣ ಮಂಕಾಗುವುದು ಯಾಕೆ

ಬಣ್ಣದಲ್ಲಿ ಮುಖ್ಯವಾಗಿ ಎರಡು ವಸ್ತು ಇರುತ್ತವೆ. ಒಂದು ಬಣ್ಣದ ಪುಡಿ, ಇನ್ನೊಂದು ಆ ಪುಡಿಯನ್ನು ಹಿಡಿದಿಡುವ ಅಂಟು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಈ ಅಂಟನ್ನು ನಿಧಾನವಾಗಿ ಮುರಿಯುತ್ತದೆ. ಅಂಟು ಹೋದ ಮೇಲೆ ಪುಡಿ ಮಾತ್ರ ಮೇಲ್ಮೈಯಲ್ಲಿ ಸಡಿಲವಾಗಿ ಉಳಿಯುತ್ತದೆ. ಬೆರಳಿನಿಂದ ಶೆಡ್‌ನ ಗೋಡೆ ಒರೆಸಿ ನೋಡಿ. ಸೀಮೆಸುಣ್ಣ ಮುಟ್ಟಿದ ಹಾಗೆ ಬೆರಳಿಗೆ ಪುಡಿ ಹತ್ತಿದರೆ ಅದೇ ಇದು. ಮಳೆ ಹೊಡೆಯುವ ಕಡೆ ಪುಡಿ ತೊಳೆದುಹೋಗಿ, ಸೂರಿನ ಕೆಳಗೆ ಹಾಗೇ ಉಳಿದಿರುತ್ತದೆ. ಆದ್ದರಿಂದ ಒಂದೇ ಜಾಗ ನೋಡಿ ತೀರ್ಮಾನ ಮಾಡಬೇಡಿ. ನಾಲ್ಕೂ ದಿಕ್ಕಿನ ಗೋಡೆ, ಸೂರಿನ ಅಡಿ, ಮಾಡು (ಚಾವಣಿ), ಎಲ್ಲ ಕಡೆ ಒರೆಸಿ ನೋಡಿ.

ಈ ಪುಡಿಯ ಮೇಲೆ ಎಷ್ಟೇ ಒಳ್ಳೆಯ ಬಣ್ಣ ಹೊಡೆದರೂ ಅದು ಅಂಟುವುದು ಪುಡಿಗೆ, ತಗಡಿಗಲ್ಲ. ಪುಡಿ ಉದುರಿದರೆ ಬಣ್ಣವೂ ಜೊತೆಗೇ ಉದುರುತ್ತದೆ.

ಮೊದಲು ತಗಡು ಯಾವುದು ಅಂತ ತಿಳಿಯಿರಿ

ಒಂದು ಅಯಸ್ಕಾಂತ ತಂದು ಇಟ್ಟು ನೋಡಿ. ಅಂಟದಿದ್ದರೆ ಅದು ಬಹುತೇಕ ಅಲ್ಯೂಮಿನಿಯಂ. ಅಂಟಿದರೆ ಒಳಗೆ ಕಬ್ಬಿಣ ಅಥವಾ ಉಕ್ಕು ಇದೆ ಅಂತ ಅರ್ಥ. ಆದರೆ ಅದರ ಮೇಲೆ ಏನು ಹೊದಿಕೆ ಇದೆ ಅನ್ನುವುದು ಇನ್ನೂ ಗೊತ್ತಾಗಿಲ್ಲ.

ಶೆಡ್‌ನ ಒಳಭಾಗ ನೋಡಿದರೆ ಸುಳಿವು ಸಿಗುತ್ತದೆ. ಅಲ್ಲಿ ಬಣ್ಣ ಇಲ್ಲದೆ ಬೂದು ಬೆಳ್ಳಿ ಮೈ ಕಂಡು, ಅದರಲ್ಲಿ ಹೂವಿನಂತೆ ಹರಳಿನ ಗುರುತುಗಳಿದ್ದರೆ ಅದು ಸತು ಲೇಪಿಸಿದ ಜಿಐ ಶೀಟ್. ಸತು ಮತ್ತು ಅಲ್ಯೂಮಿನಿಯಂ ಎರಡೂ ಸೇರಿದ ಲೇಪನವೂ ಇದೆ. ಅದರಲ್ಲಿ ಸುಮಾರು 55 ಶೇಕಡಾ ಅಲ್ಯೂಮಿನಿಯಂ ಇರುತ್ತದೆ. ಹರಳಿನ ಗುರುತು ಅಲ್ಲೂ ಕಾಣುತ್ತದೆ, ಸಾಮಾನ್ಯವಾಗಿ ಸಣ್ಣದಾಗಿ. ಬಣ್ಣ ಹೊಡೆಯುವವರ ಮಟ್ಟಿಗೆ ಇವೆರಡನ್ನೂ ಒಂದೇ ಗುಂಪಿಗೆ ಸೇರಿಸಬಹುದು. ಹರಳಿನ ಗುರುತು ಕಾಣದಿದ್ದರೂ ಸತು ಇಲ್ಲ ಅಂತ ಹೇಳಲಾಗದು. ಅನುಮಾನ ಇದ್ದರೆ ಸತು ಇದೆ ಅಂತಲೇ ಇಟ್ಟುಕೊಳ್ಳಿ.

ಕಾರ್ಖಾನೆಯಲ್ಲೇ ಬಣ್ಣ ಬೇಯಿಸಿ ಬರುವ ಕಲರ್ ಕೋಟೆಡ್ ಶೀಟ್ ಇನ್ನೊಂದು ಬಗೆ. ಅದರ ಬಣ್ಣ ತೆಳುವಾಗಿ, ಒಂದೇ ಸಮನಾಗಿ ಇರುತ್ತದೆ. ಬ್ರಷ್‌ನ ಗೆರೆ ಎಲ್ಲೂ ಕಾಣುವುದಿಲ್ಲ. ಇದರ ಅಡಿಯಲ್ಲೂ ಸಾಮಾನ್ಯವಾಗಿ ಸತುವಿನ ಲೇಪನವೇ ಇರುತ್ತದೆ. ಇನ್ನು ಶೆಡ್‌ನ ಚೌಕಟ್ಟು, ಬಾಗಿಲಿನ ಫ್ರೇಮು, ಕೀಲುಗಳು ಬಹಳ ಸಲ ಯಾವ ಲೇಪನವೂ ಇಲ್ಲದ ಬರೀ ಕಬ್ಬಿಣ. ಅಂದರೆ ಒಂದೇ ಶೆಡ್‌ಗೆ ಎರಡು ಬಗೆಯ ಪ್ರೈಮರ್ ಬೇಕಾಗಬಹುದು. ಇದನ್ನು ಈಗಲೇ ಪಟ್ಟಿ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ಹಳೇ ಶೆಡ್‌ಗಳಲ್ಲಿ ಗೋಡೆ ತಗಡಿನದ್ದಾಗಿದ್ದರೂ ಮಾಡಿಗೆ ಸಿಮೆಂಟ್ ಶೀಟ್ ಹಾಕಿರುವುದುಂಟು. ಬಣ್ಣ ಬಳಿದಿದ್ದರೆ ದೂರದಿಂದ ಎರಡೂ ಒಂದೇ ತರಹ ಕಾಣುತ್ತವೆ. ಹಳೇ ಸಿಮೆಂಟ್ ಶೀಟ್‌ನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಅದನ್ನು ಉಜ್ಜುವುದು, ಕೆರೆಯುವುದು, ಜೋರು ನೀರು ಹೊಡೆಯುವುದು ಬೇಡವೇ ಬೇಡ. ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರಬಹುದು. ಅಂಥ ಮಾಡನ್ನು ಈ ಕೆಲಸದಿಂದ ಹೊರಗಿಡಿ.

ಹಳೇ ಬಣ್ಣವನ್ನು ಪರೀಕ್ಷೆ ಮಾಡಿ

ಹಳೇ ಬಣ್ಣ ಗಟ್ಟಿಯಾಗಿದ್ದರೆ ಅದನ್ನು ಪೂರ್ತಿ ಕೀಳಬೇಕಾಗಿಲ್ಲ. ಗಟ್ಟಿಯಾಗಿದೆಯಾ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಒಂದು ಸಣ್ಣ ಜಾಗ ತೊಳೆದು ಒಣಗಿಸಿ. ಹರಿತ ಬ್ಲೇಡಿನಿಂದ ಬಣ್ಣದ ಮೇಲೆ ಅಡ್ಡ ಉದ್ದ ಗೀರುಗಳನ್ನು ಹಾಕಿ, ಸಣ್ಣ ಸಣ್ಣ ಚೌಕ ಮಾಡಿ. ಅದರ ಮೇಲೆ ಗಟ್ಟಿ ಟೇಪ್ ಒತ್ತಿ ಅಂಟಿಸಿ, ತಟ್ಟನೆ ಎಳೆಯಿರಿ. ಚೌಕಗಳು ಹಾಗೇ ಉಳಿದರೆ ಆ ಬಣ್ಣದ ಮೇಲೆ ಹೊಸದು ನಿಲ್ಲುತ್ತದೆ. ಚೌಕಗಳು ಟೇಪ್ ಜೊತೆ ಎದ್ದು ಬಂದರೆ ಹಳೇ ಬಣ್ಣಕ್ಕೇ ಹಿಡಿತ ಇಲ್ಲ. ಅದನ್ನು ಕೆರೆದು ತೆಗೆಯದೆ ಬೇರೆ ದಾರಿ ಇಲ್ಲ. ಬಣ್ಣದ ಉದ್ಯಮದಲ್ಲೂ ಹಿಡಿತ ಅಳೆಯುವುದು ಇದೇ ತತ್ವದಲ್ಲಿ. ಗೀರುಗಳ ಅಂತರ ಮತ್ತು ಟೇಪ್‌ಗೆ ಅಲ್ಲಿ ನಿಗದಿಯಾದ ಅಳತೆ ಇರುತ್ತದೆ, ಅಷ್ಟೇ. ಬಿಸಿಲು ಬೀಳುವ ಗೋಡೆ, ಕೆಳಗಿನ ಅಂಚು, ಮಾಡು, ಈ ಮೂರು ಕಡೆಯಾದರೂ ಮಾಡಿ ನೋಡಿ.

ಹಳೇ ಬಣ್ಣ ನೀರಿನದೋ ಎಣ್ಣೆಯದೋ ಅಂತ ತಿಳಿಯಬೇಕಿದ್ದರೆ ಮೆಥಿಲೇಟೆಡ್ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಉಜ್ಜಿ. ಬಣ್ಣ ಮೆತ್ತಗಾಗಿ ಬಟ್ಟೆಗೆ ಹತ್ತಿದರೆ ನೀರಿನ ಅಕ್ರಿಲಿಕ್. ಏನೂ ಆಗದಿದ್ದರೆ ಎಣ್ಣೆಯ ಎನಾಮಲ್ ಅಥವಾ ಕಾರ್ಖಾನೆಯ ಕೋಟ್. ಪುಡಿಯನ್ನು ಮೊದಲು ತೊಳೆದಿರಬೇಕು, ಇಲ್ಲದಿದ್ದರೆ ಬಟ್ಟೆಗೆ ಹತ್ತುವುದು ಬರೀ ಪುಡಿ.

ಬಣ್ಣ ತುಂಬಾ ಹಳೆಯದಾಗಿದ್ದರೆ ಅದರಲ್ಲಿ ಸೀಸ ಇರಬಹುದು. ಹಿಂದೆ ಕಬ್ಬಿಣಕ್ಕೆ ಹೊಡೆಯುತ್ತಿದ್ದ ಕಿತ್ತಳೆಗೆಂಪು ಪ್ರೈಮರ್‌ನಲ್ಲಿ ಸೀಸವೂ, ಹಳದಿ ಪ್ರೈಮರ್‌ನಲ್ಲಿ ವಿಷಕಾರಿ ಕ್ರೋಮಿಯಂ ಸಂಯುಕ್ತವೂ ಇರುತ್ತಿದ್ದವು. ಅನುಮಾನ ಬಂದರೆ ಮೊದಲು ಪರೀಕ್ಷೆ ಮಾಡಿಸಿ. ಇದೆ ಅಂತ ಗೊತ್ತಾದರೆ ಒಣಗಿದಂತೆಯೇ ಉಜ್ಜಬೇಡಿ, ಗ್ರೈಂಡರ್ ಹಚ್ಚಬೇಡಿ, ಬೆಂಕಿಯಿಂದ ಸುಡಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ ಉಜ್ಜಬೇಕು. ಕೆಳಗೆ ಪ್ಲಾಸ್ಟಿಕ್ ಹಾಸಿ, ಉದುರಿದ್ದನ್ನೆಲ್ಲ ಅದರಲ್ಲೇ ಕಟ್ಟಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು.

ಬಣ್ಣಕ್ಕೆ ಮುಂಚೆ ರಿಪೇರಿ

ಈಗ ಶೆಡ್ ಸುತ್ತ ಒಂದು ಸುತ್ತು ಹಾಕಿ. ತುಕ್ಕು ಮೊದಲು ಹಿಡಿಯುವ ಜಾಗಗಳು ಗೊತ್ತಿದ್ದರೆ ಹುಡುಕುವುದು ಸುಲಭ. ನೆಲಕ್ಕೆ ತಾಗುವ ಕೆಳ ಅಂಚು, ಸ್ಕ್ರೂಗಳ ಸುತ್ತ, ಒಂದರ ಮೇಲೊಂದು ಶೀಟ್ ಕೂರುವ ಸಂದು, ಕತ್ತರಿಸಿದ ಅಂಚು, ಎಲೆ ಕಸ ನಿಲ್ಲುವ ಮೂಲೆ.

ಕೆಳ ಅಂಚಿನ ಸುತ್ತ ಮಣ್ಣು, ಎಲೆ, ಹುಲ್ಲು ಒತ್ತಿ ನಿಂತಿದ್ದರೆ ಎಲ್ಲ ಬಿಡಿಸಿ. ತಗಡು ಯಾವಾಗಲೂ ಒದ್ದೆ ಮಣ್ಣಿಗೆ ತಾಗಿಕೊಂಡಿದ್ದರೆ ಯಾವ ಬಣ್ಣವೂ ಅದನ್ನು ಉಳಿಸುವುದಿಲ್ಲ. ಮಣ್ಣು ತೆಗೆದು ಜಲ್ಲಿ ಹಾಕಿದರೆ ಮಳೆ ನೀರು ಎರಚುವುದೂ ಕಡಿಮೆಯಾಗುತ್ತದೆ.

ಸ್ಕ್ರೂಗಳನ್ನು ಒಂದೊಂದಾಗಿ ನೋಡಿ. ತಲೆ ತುಕ್ಕು ಹಿಡಿದಿದ್ದರೆ, ಅಡಿಯ ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಹಳೇ ತೂತು ದೊಡ್ಡದಾಗಿದ್ದರೆ ಒಂದು ಅಳತೆ ದಪ್ಪದ ಸ್ಕ್ರೂ ಹಾಕಿ. ವಾಷರ್ ಸ್ವಲ್ಪ ಒತ್ತಿಕೊಂಡರೆ ಸಾಕು. ಅದು ಪಕ್ಕಕ್ಕೆ ಹೊರಚಾಚುವಷ್ಟು ಬಿಗಿದರೆ ವಾಷರ್ ಹರಿದು ಅಲ್ಲಿಂದಲೇ ನೀರು ಇಳಿಯುತ್ತದೆ.

ಸಣ್ಣ ತೂತುಗಳಿಗೆ ಲೋಹಕ್ಕೆ ಬಳಸುವ ಪುಟ್ಟಿ ಸಾಕು. ಅಂಗೈಯಷ್ಟು ಜಾಗ ತುಕ್ಕಿನಿಂದ ತಿಂದುಹೋಗಿದ್ದರೆ ಅದೇ ಬಗೆಯ ತಗಡಿನ ತುಂಡು ಹಾಕಿ ರಿವೆಟ್ ಹೊಡೆಯಿರಿ. ಇಡೀ ಶೀಟಿನ ಕೆಳ ಅಂಚು ಜರಡಿಯಾಗಿದ್ದರೆ ಶೀಟನ್ನೇ ಬದಲಾಯಿಸುವುದು ಲೇಸು. ಬಣ್ಣದಿಂದ ಅದನ್ನು ಮುಚ್ಚಿದರೆ ಚಂದ ಕಾಣಬಹುದು, ಒಂದೇ ಮಳೆಗಾಲದವರೆಗೆ.

ಒಳಗಡೆಯಿಂದಲೂ ನೋಡುವುದನ್ನು ಮರೆಯಬೇಡಿ. ರಾತ್ರಿ ತಗಡು ತಣ್ಣಗಾದಾಗ ಒಳಗಿನ ಗಾಳಿಯ ತೇವ ನೀರಾಗಿ ಅದರ ಮೇಲೆ ಕೂರುತ್ತದೆ. ಗಾಳಿ ಆಡದ ಶೆಡ್‌ನಲ್ಲಿ ತುಕ್ಕು ಒಳಗಿನಿಂದಲೇ ಶುರುವಾಗಿ ಹೊರಗಿನ ಬಣ್ಣವನ್ನು ಎಬ್ಬಿಸುತ್ತದೆ. ಗಾಳಿಕಿಂಡಿ ಮುಚ್ಚಿದ್ದರೆ ತೆರೆಯಿರಿ.

ತೊಳೆಯುವುದು

ಬಕೆಟ್ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಉದ್ದ ಹಿಡಿಯ ಪ್ಲಾಸ್ಟಿಕ್ ಬ್ರಷ್‌ನಿಂದ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ, ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಮೇಲಿನಿಂದ ಉಜ್ಜಲು ಶುರು ಮಾಡಿದರೆ ಕೊಳೆ ನೀರು ಒಣ ಗೋಡೆಯ ಮೇಲೆ ಇಳಿದು ಗೆರೆ ಉಳಿಯುತ್ತದೆ. ಕಾಸ್ಟಿಕ್ ಸೋಡಾ, ವಾಷಿಂಗ್ ಸೋಡಾದಂಥ ಖಾರದ ಕ್ಷಾರಗಳು ಬೇಡ. ಸತು ಮತ್ತು ಅಲ್ಯೂಮಿನಿಯಂ ಎರಡೂ ಆಮ್ಲಕ್ಕೂ ಕರಗುತ್ತವೆ, ಜೋರು ಕ್ಷಾರಕ್ಕೂ ಕರಗುತ್ತವೆ.

ಹಸಿರು ಪಾಚಿ, ಕಪ್ಪು ಬೂಷ್ಟು ಇದ್ದರೆ ಒಂದು ಭಾಗ ಬ್ಲೀಚ್‌ಗೆ ಮೂರು ನಾಲ್ಕು ಭಾಗ ನೀರು ಬೆರೆಸಿ ಹಚ್ಚಿ. ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಒಣಗಲು ಬಿಡಬೇಡಿ, ಬ್ಲೀಚ್ ಲೋಹವನ್ನೂ ತಿನ್ನುತ್ತದೆ. ಬ್ಲೀಚ್ ಜೊತೆ ವಿನೆಗರ್ ಆಗಲಿ, ಆಸಿಡ್ ಆಗಲಿ, ಅಮೋನಿಯಾ ಇರುವ ಕ್ಲೀನರ್ ಆಗಲಿ ಸೇರಲೇಬಾರದು. ವಿಷಗಾಳಿ ಏಳುತ್ತದೆ.

ಪ್ರೆಷರ್ ವಾಷರ್ ಇದ್ದರೆ ಕೆಲಸ ಬೇಗ ಆಗುತ್ತದೆ. ಆದರೆ ನೀರನ್ನು ಮೇಲಿನಿಂದ ಕೆಳಗೆ, ಮಳೆ ಬೀಳುವ ದಿಕ್ಕಿನಲ್ಲೇ ಹೊಡೆಯಿರಿ. ಕೆಳಗಿನಿಂದ ಹೊಡೆದರೆ ನೀರು ಶೀಟ್‌ಗಳ ಸಂದಿಗೆ ನುಗ್ಗಿ ದಿನಗಟ್ಟಲೆ ಅಲ್ಲೇ ನಿಲ್ಲುತ್ತದೆ. ನೀವು ಪ್ರೈಮರ್ ಹೊಡೆದ ಮೇಲೆ ನಿಧಾನವಾಗಿ ಅಂಚಿನಿಂದ ಹೊರಗೆ ಸೋರುತ್ತದೆ.

ಒಣಗಿದ ಮೇಲೆ ಕಡುಬಣ್ಣದ ಬಟ್ಟೆಯಿಂದ ಒರೆಸಿ. ಪುಡಿ ಇನ್ನೂ ಹತ್ತುತ್ತಿದ್ದರೆ ಮತ್ತೊಂದು ಸಲ ತೊಳೆಯಿರಿ. ಬೇಜಾರಿನ ಕೆಲಸ, ನಿಜ. ಆದರೆ ಇಡೀ ಕೆಲಸದಲ್ಲಿ ದುಡ್ಡು ಖರ್ಚಾಗದೆ ಬಣ್ಣದ ಆಯಸ್ಸು ಹೆಚ್ಚಿಸುವ ಹಂತ ಇದೊಂದೇ.

ಕೊನೆಗೆ ಸ್ವಲ್ಪ ನೀರು ಚಿಮುಕಿಸಿ. ನೀರು ಹಾಳೆಯಂತೆ ಹರಡಿದರೆ ಮೈ ಶುದ್ಧವಾಗಿದೆ. ಹನಿ ಹನಿಯಾಗಿ ಗುಂಡಗೆ ನಿಂತರೆ ಎಣ್ಣೆಯೋ ಮೇಣವೋ ಇದೆ. ಹೊಸ ಜಿಐ ಶೀಟ್‌ನಲ್ಲಿ ಇದು ಸಾಮಾನ್ಯ, ಕಾರ್ಖಾನೆಯಲ್ಲೇ ತೆಳು ಎಣ್ಣೆ ಹಚ್ಚಿ ಕಳಿಸಿರುತ್ತಾರೆ. ಅಲ್ಲಿ ಬಟ್ಟೆಗೆ ಥಿನ್ನರ್ ಹಚ್ಚಿ ಒರೆಸಿ. ಬಟ್ಟೆಯ ಮಗ್ಗುಲು ಆಗಾಗ ಬದಲಿಸಿ. ಒಂದೇ ಬಟ್ಟೆ ತಿರುವಿ ತಿರುವಿ ಉಜ್ಜಿದರೆ ಎಣ್ಣೆ ಹೋಗುವುದಿಲ್ಲ, ಸುಮ್ನೆ ಹರಡುತ್ತದೆ.

ತುಕ್ಕು ತೆಗೆಯುವುದು, ಮೈ ಒರಟು ಮಾಡುವುದು

ಎದ್ದಿರುವ ಬಣ್ಣವನ್ನು ಸ್ಕ್ರೇಪರ್‌ನಿಂದ ಕೆರೆದು ತೆಗೆಯಿರಿ. ಕಬ್ಬಿಣದ ಮೇಲಿನ ಕೆಂಪು ತುಕ್ಕನ್ನು ವೈರ್ ಬ್ರಷ್, ಆಮೇಲೆ 80 ನಂಬರಿನ ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಗಟ್ಟಿ ಬಣ್ಣ ಮತ್ತು ಬರಿಮೈ ಸೇರುವ ಅಂಚನ್ನು 120ರಿಂದ ಇಳಿಜಾರು ಮಾಡಿ. ಮೆಟ್ಟಿಲಿನ ಹಾಗೆ ಅಂಚು ಉಳಿದರೆ ಅಲ್ಲಿಂದಲೇ ಹೊಸ ಬಣ್ಣ ಏಳಲು ಶುರುವಾಗುತ್ತದೆ. ಹೊಳಪಿರುವ ಗಟ್ಟಿ ಬಣ್ಣವನ್ನು 180 ಅಥವಾ 220ರಿಂದ ಮೆಲ್ಲಗೆ ಉಜ್ಜಿ ಮಂದ ಮಾಡಿದರೆ ಸಾಕು. ಕನ್ನಡಕ ಮತ್ತು ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ.

ಜಿಐ ಶೀಟ್‌ನಲ್ಲಿ ಮಾತ್ರ ಕೈ ಹಗುರ ಇರಲಿ. ಅದನ್ನು ಕಾಯುತ್ತಿರುವುದೇ ಆ ತೆಳು ಸತು. ಅದನ್ನು ಉಜ್ಜಿ ತೆಗೆದರೆ ತುಕ್ಕಿಗೆ ನೀವೇ ಬಾಗಿಲು ತೆರೆದಂತೆ. ಕೆಂಪು ತುಕ್ಕು ಕಂಡ ಜಾಗದಲ್ಲಿ ಮಾತ್ರ ಜೋರಾಗಿ ಉಜ್ಜಿ. ಬಿಳಿ ಪುಡಿಯಂಥ ಕಲೆ ಇದ್ದರೆ ಅದು ಸತುವಿನ ತುಕ್ಕು. ಗಟ್ಟಿ ನೈಲಾನ್ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಅಲ್ಯೂಮಿನಿಯಂಗೆ ಉಕ್ಕಿನ ವೈರ್ ಬ್ರಷ್, ಸ್ಟೀಲ್ ವುಲ್ ಎರಡೂ ಬೇಡ. ಅವುಗಳ ಚೂರು ಮೈಯಲ್ಲಿ ಸಿಕ್ಕಿಕೊಂಡು ಆಮೇಲೆ ತುಕ್ಕಿನ ಚುಕ್ಕೆಗಳಾಗುತ್ತವೆ.

ಎಷ್ಟು ಉಜ್ಜಿದರೂ ಕಬ್ಬಿಣದ ಗುಳಿಗಳಲ್ಲಿ ಸ್ವಲ್ಪ ತುಕ್ಕು ಉಳಿಯುತ್ತದೆ. ಅಲ್ಲಿಗೆ ರಸ್ಟ್ ಕನ್ವರ್ಟರ್ ಹಚ್ಚಬಹುದು. ಅದರಲ್ಲಿರುವ ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲ ತುಕ್ಕಿನ ಜೊತೆ ಸೇರಿ ಗಟ್ಟಿ ಪದರವಾಗುತ್ತದೆ. ಟ್ಯಾನಿಕ್ ಇದ್ದರೆ ಕಪ್ಪಗಾಗುತ್ತದೆ. ಇದು ಗಟ್ಟಿಯಾಗಿ ಕಚ್ಚಿಕೊಂಡ ತುಕ್ಕಿಗೆ ಮಾತ್ರ. ಚಕ್ಕೆ ಚಕ್ಕೆಯಾಗಿ ಏಳುವ ತುಕ್ಕಿನ ಮೇಲೆ ಹಚ್ಚಿದರೆ ಚಕ್ಕೆಯ ಜೊತೆಗೆ ಅದೂ ಎದ್ದು ಹೋಗುತ್ತದೆ. ತುಕ್ಕಿಲ್ಲದ ಲೋಹದ ಮೇಲೆ ಅದಕ್ಕೆ ಕೆಲಸವೇ ಇಲ್ಲ.

ಉಜ್ಜಿದ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣಗಿಸಿ. ಉಜ್ಜಿ ಬರಿಮೈ ಮಾಡಿದ ಕಬ್ಬಿಣಕ್ಕೆ ಅದೇ ದಿನ ಪ್ರೈಮರ್ ಬೀಳಬೇಕು. ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕಿತ್ತಳೆ ಬಣ್ಣದ ತೆಳು ತುಕ್ಕು ಬಂದುಬಿಡುತ್ತದೆ. ಆದ್ದರಿಂದ ಸಂಜೆಯೊಳಗೆ ಪ್ರೈಮರ್ ಹೊಡೆದು ಮುಗಿಸುವಷ್ಟು ಜಾಗವನ್ನು ಮಾತ್ರ ಒಂದು ದಿನಕ್ಕೆ ಉಜ್ಜಿ.

ಪ್ರೈಮರ್: ಹೆಚ್ಚಿನ ಕೆಲಸ ಕೆಡುವುದು ಇಲ್ಲೇ

ಲೋಹ ಅಂದ ಕೂಡಲೇ ಕೈ ಹೋಗುವುದು ರೆಡ್ ಆಕ್ಸೈಡ್ ಡಬ್ಬಿಗೆ, ಅಲ್ವಾ? ಬರೀ ಕಬ್ಬಿಣಕ್ಕೆ ಅದು ಸರಿ. ಚೌಕಟ್ಟಿಗೆ, ಕೀಲಿಗೆ ಹೊಡೆಯಿರಿ. ಸತು ಇರುವ ಶೀಟ್‌ಗೆ ಮಾತ್ರ ಎಣ್ಣೆಯ ರೆಡ್ ಆಕ್ಸೈಡ್ ಬೇಡ, ಎಣ್ಣೆಯ ಎನಾಮಲ್ಲೂ ನೇರವಾಗಿ ಬೇಡ.

ಕಾರಣ ರಸಾಯನಶಾಸ್ತ್ರದ್ದು. ಇಂಥ ಬಣ್ಣಗಳ ಅಂಟನ್ನು ಅಲ್ಕಿಡ್ ಅನ್ನುತ್ತಾರೆ, ಅದು ಎಣ್ಣೆಯಿಂದ ಆದದ್ದು. ಸತುವಿನ ಮೇಲ್ಮೈ ಸ್ವಲ್ಪ ಕ್ಷಾರದ ಗುಣದ್ದು. ಎಣ್ಣೆಗೆ ಕ್ಷಾರ ಸೇರಿದರೆ ಆಗುವುದು ಸಾಬೂನು. ತೇವ ಸಿಕ್ಕಾಗಲೆಲ್ಲ ಬಣ್ಣ ಮತ್ತು ಸತುವಿನ ನಡುವೆ ನಿಧಾನವಾಗಿ ಸತುವಿನ ಸಾಬೂನಿನ ತೆಳು ಪದರ ಹುಟ್ಟುತ್ತದೆ. ಬಣ್ಣ ಮೇಲಿನಿಂದ ಚೆನ್ನಾಗಿಯೇ ಕಾಣುತ್ತಿರುತ್ತದೆ. ಒಂದು ದಿನ ಉಗುರು ಹಾಕಿದರೆ ಇಡೀ ಹಾಳೆಯಾಗಿ ಬರುತ್ತದೆ. ಅದರ ಅಡಿಯ ತಗಡು ಹೊಸದರಂತೆ ಹೊಳೆಯುತ್ತಿರುತ್ತದೆ. ನಿಮ್ಮ ಶೆಡ್‌ನ ಹಳೇ ಬಣ್ಣ ಹೀಗೆ ಎದ್ದಿದ್ದರೆ ಹಿಂದಿನವರು ಏನು ಬಳಿದಿದ್ದರು ಅಂತ ಈಗ ಊಹಿಸಬಹುದು.

ಹಾಗಾಗಿ ಡಬ್ಬಿಯ ಮೇಲೆ ಜಿಐ ಅಥವಾ ಗ್ಯಾಲ್ವನೈಸ್ಡ್ ಲೋಹಕ್ಕೆ ಅಂತ ಬರೆದಿರುವ ನೀರಿನ ಅಕ್ರಿಲಿಕ್ ಪ್ರೈಮರ್ ತನ್ನಿ. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಇನ್ನೂ ಗಟ್ಟಿ. ಆದರೆ ಬೆರೆಸಿದ ಮೇಲೆ ಡಬ್ಬಿಯಲ್ಲಿ ಹೇಳಿದ ಅವಧಿಯೊಳಗೆ ಮುಗಿಸಬೇಕು, ವಾಸನೆಗೆ ಸರಿಯಾದ ಮಾಸ್ಕ್ ಬೇಕು. ಬಿಸಿಲಿಗೆ ಎಪಾಕ್ಸಿಯೂ ಬೇಗ ಪುಡಿಯಾಗುತ್ತದೆ, ಅದನ್ನು ಮೇಲ್ಕೋಟ್ ಇಲ್ಲದೆ ಬಿಡುವಂತಿಲ್ಲ. ಮನೆಯವರೇ ಮಾಡಿಕೊಳ್ಳುವ ಸಣ್ಣ ಶೆಡ್‌ಗೆ ಅಕ್ರಿಲಿಕ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅಲ್ಯೂಮಿನಿಯಂಗೂ ಅದಕ್ಕೇ ಅಂತ ಬರೆದಿರುವ ಪ್ರೈಮರ್ ನೋಡಿ ತನ್ನಿ.

ಹೊಸ ಜಿಐ ಶೀಟ್‌ಗೆ ವಿನೆಗರ್ ಒರೆಸಿ ಬಣ್ಣ ಹೊಡೆಯುವ ಹಳೇ ಪದ್ಧತಿ ಇದೆ. ಹೊಳಪು ಸ್ವಲ್ಪ ಮಂದವಾಗುತ್ತದೆ ನಿಜ. ಸರಿಯಾದ ಪ್ರೈಮರ್‌ಗೆ ಅದು ಬದಲಿ ಅಲ್ಲ.

ಗಟ್ಟಿಯಾಗಿ ಉಳಿದ ಹಳೇ ಬಣ್ಣದ ಮೇಲೆಲ್ಲ ಪ್ರೈಮರ್ ಬೇಕಾ? ತಗಡು ಕಾಣುವ ಜಾಗಕ್ಕೆ ಬೇಕೇ ಬೇಕು. ಉಳಿದ ಕಡೆ ಒಂದು ಸಣ್ಣ ಜಾಗದಲ್ಲಿ ಬಣ್ಣವನ್ನು ನೇರವಾಗಿ ಹೊಡೆದು, ವಾರ ಬಿಟ್ಟು ಟೇಪ್ ಪರೀಕ್ಷೆ ಮಾಡಿ. ನಿಂತರೆ ಅಲ್ಲಿ ಪ್ರೈಮರ್ ಬೇಕಾಗಿಲ್ಲ. ಕಲರ್ ಕೋಟೆಡ್ ಶೀಟ್‌ಗೆ ಈ ಪರೀಕ್ಷೆ ತಪ್ಪಿಸಲೇಬೇಡಿ. ಅದರಲ್ಲಿ ಕೆಲವು ಬಗೆಗೆ ಯಾವುದೂ ಸುಲಭವಾಗಿ ಅಂಟುವುದಿಲ್ಲ.

ಪ್ರೈಮರ್ ಒಣಗಿದ ಮೇಲೆ ಸಂದುಗಳನ್ನು ಮುಚ್ಚಿ. ಸಾಮಾನ್ಯ ಸಿಲಿಕೋನ್ ಬಳಸಬೇಡಿ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಪಾಲಿಯುರೆಥೇನ್ ಅಥವಾ ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ತನ್ನಿ. ನೀರು ಹೊರಹೋಗಲು ಬಿಟ್ಟಿರುವ ಕೆಳಗಿನ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ.

ಯಾವ ಬಣ್ಣ, ಎಷ್ಟು

ಮೇಲ್ಕೋಟ್‌ಗೆ ಹೊರಗಡೆಯ ಲೋಹಕ್ಕೆ ಅಂತಲೇ ಇರುವ ನೂರಕ್ಕೆ ನೂರು ಅಕ್ರಿಲಿಕ್ ಬಣ್ಣ ತನ್ನಿ. ಎನಾಮಲ್ ಮೊದಲು ಹೆಚ್ಚು ಹೊಳೆಯುತ್ತದೆ, ಆದರೆ ವರ್ಷ ಕಳೆದಂತೆ ಬಿರುಸಾಗುತ್ತದೆ. ತಗಡು ಸುಮ್ಮನೆ ನಿಲ್ಲುವ ವಸ್ತುವಲ್ಲ. 3 ಮೀಟರ್ ಉದ್ದದ ಉಕ್ಕಿನ ಶೀಟ್ ರಾತ್ರಿ 10 ಡಿಗ್ರಿ ಇದ್ದು ಮಧ್ಯಾಹ್ನ 60 ಡಿಗ್ರಿ ಆದರೆ ಸುಮಾರು 1.8 ಮಿಲಿಮೀಟರ್ ಹಿಗ್ಗುತ್ತದೆ. ಅಲ್ಯೂಮಿನಿಯಂ ಆದರೆ ಹೆಚ್ಚುಕಡಿಮೆ 3.5. ದಿನವೂ ಹಿಗ್ಗಿ ಕುಗ್ಗುವ ಮೈಗೆ ಜೊತೆಗೇ ಬಾಗುವ ಬಣ್ಣ ಬೇಕು. ಆ ಗುಣ ಅಕ್ರಿಲಿಕ್‌ನಲ್ಲಿದೆ.

ಬಣ್ಣದ ಆಯ್ಕೆ ನಿಮ್ಮ ಇಷ್ಟ. ಎರಡು ಮಾತು ಮಾತ್ರ. ತಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಶೆಡ್ ತಂಪಾಗಿರುತ್ತದೆ, ಹಿಗ್ಗುವುದೂ ಕಡಿಮೆ. ಇಟ್ಟಿಗೆ ಕೆಂಪು, ಕಾವಿ, ಮಣ್ಣಿನ ಕಂದುಗಳು ಕಬ್ಬಿಣದ ಆಕ್ಸೈಡ್‌ನಿಂದ ಬರುವಂಥವು, ಬಿಸಿಲಿಗೆ ಅಷ್ಟು ಬೇಗ ಮಾಸುವುದಿಲ್ಲ. ಕಣ್ಣು ಕುಕ್ಕುವ ಕೆಂಪು, ಹಳದಿಗಳಲ್ಲಿ ಬಹಳಷ್ಟು ಬೇಗ ಮಾಸುತ್ತವೆ. ತಗಡಿನಲ್ಲಿ ನೆಗ್ಗು ಜಾಸ್ತಿ ಇದ್ದರೆ ಪೂರ್ತಿ ಹೊಳಪಿನ ಬಣ್ಣ ಬೇಡ, ಪ್ರತಿ ನೆಗ್ಗೂ ಎದ್ದು ಕಾಣುತ್ತದೆ. ಅರೆಹೊಳಪು ತೊಳೆಯಲೂ ಸುಲಭ, ನೋಡಲೂ ಸರಿ.

ಲೆಕ್ಕ ಹಾಕುವಾಗ ಶೀಟಿನ ಅಲೆಗಳನ್ನು ಮರೆಯಬೇಡಿ. ಒಂದು ದಾರವನ್ನು ಅಲೆಗಳ ಏರಿಳಿತಕ್ಕೆ ಒತ್ತಿಕೊಂಡು ಒಂದು ಮೀಟರ್ ಅಗಲಕ್ಕೆ ಹಾಸಿ, ಆಮೇಲೆ ನೇರ ಎಳೆದು ಅಳೆಯಿರಿ. 115 ಸೆಂಟಿಮೀಟರ್ ಬಂದರೆ ನಿಮ್ಮ ಲೆಕ್ಕವನ್ನು 1.15ರಿಂದ ಗುಣಿಸಬೇಕು. ಉದಾಹರಣೆಗೆ 3 ಮೀಟರ್ ಉದ್ದ, 2.4 ಮೀಟರ್ ಅಗಲ, 2 ಮೀಟರ್ ಎತ್ತರದ ಶೆಡ್ ತೆಗೆದುಕೊಳ್ಳಿ. ಗೋಡೆಗಳು 21.6 ಚದರ ಮೀಟರ್. ಎರಡು ಇಳಿಜಾರಿನ ಮಾಡು ಸುಮಾರು 9, ತ್ರಿಕೋನದ ಎರಡು ತುದಿ ಸೇರಿ 1.2. ಒಟ್ಟು 31.8, ಅದನ್ನು 1.15ರಿಂದ ಗುಣಿಸಿದರೆ ಸುಮಾರು 36.6. ಒಂದು ಲೀಟರ್ 10 ಚದರ ಮೀಟರ್ ಹಿಡಿಯುತ್ತದೆ ಅಂತಿದ್ದರೆ ಒಂದು ಕೋಟ್‌ಗೆ 3.7 ಲೀಟರ್. ಎರಡು ಕೋಟ್‌ಗೆ 8 ಲೀಟರ್ ಬಣ್ಣ, ಪೂರ್ತಿ ಹೊಡೆಯುವುದಾದರೆ 4 ಲೀಟರ್ ಪ್ರೈಮರ್ ತನ್ನಿ. ಲೀಟರಿಗೆ ಎಷ್ಟು ಅನ್ನುವುದು ಡಬ್ಬಿಯ ಮೇಲೆಯೇ ಇರುತ್ತದೆ. ಎರಡು ಮೂರು ಡಬ್ಬಿ ಇದ್ದರೆ ಎಲ್ಲವನ್ನೂ ದೊಡ್ಡ ಬಕೆಟ್‌ನಲ್ಲಿ ಸೇರಿಸಿ ಕಲಸಿ, ಡಬ್ಬಿಯಿಂದ ಡಬ್ಬಿಗೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಇರಬಹುದು.

ದಿನ ಮತ್ತು ಹೊತ್ತು

ಬಣ್ಣ ಹೊಡೆಯಲು ಗಾಳಿ 10ರಿಂದ 30 ಡಿಗ್ರಿ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಆದರೆ ನೋಡಬೇಕಾದದ್ದು ತಗಡಿನ ಬಿಸಿ. ಬಿಸಿಲಿಗೆ ನಿಂತ ತಗಡು ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅಂಗೈ ಇಟ್ಟು ನೋಡಿ. ಆರಾಮಾಗಿ ಇಟ್ಟುಕೊಳ್ಳಲು ಆಗದಿದ್ದರೆ ಅಲ್ಲಿ ಬಣ್ಣ ಹೊಡೆಯಬೇಡಿ. ಹರಡುವ ಮುಂಚೆಯೇ ಒಣಗಿ ಗೆರೆ ಬೀಳುತ್ತದೆ, ಹಿಡಿತವೂ ಬರುವುದಿಲ್ಲ. ನೆರಳು ಎತ್ತ ಸರಿಯುತ್ತದೋ ನೀವೂ ಅತ್ತ ಸರಿಯುತ್ತಾ ಹೋಗಿ. ಬೆಳಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ್ದು.

ಇನ್ನೊಂದು ಶತ್ರು ಇಬ್ಬನಿ. ರಾತ್ರಿ ಆಕಾಶಕ್ಕೆ ಶಾಖ ಬಿಟ್ಟು ತಗಡು ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗಾಗಿ ಗಾಳಿಯ ತೇವ ಮೊದಲು ಕೂರುವುದು ಅದರ ಮೇಲೆಯೇ. ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಜಾಸ್ತಿ ಇರಬೇಕು, ಗಾಳಿಯ ತೇವ 85 ಶೇಕಡಾ ಮೀರಬಾರದು ಅನ್ನುವುದು ಈ ಕೆಲಸದವರ ನಿಯಮ. ಉಪಕರಣ ಇಲ್ಲದಿದ್ದರೆ ಒದ್ದೆ ಬಟ್ಟೆಯಿಂದ ತಗಡಿನ ಮೇಲೆ ಒಂದು ಗೆರೆ ಎಳೆಯಿರಿ. ಹದಿನೈದು ನಿಮಿಷದಲ್ಲಿ ಆರಿದರೆ ಶುರು ಮಾಡಬಹುದು. ಸಂಜೆ ಸೂರ್ಯ ಮುಳುಗುವ ಎರಡು ಮೂರು ಗಂಟೆ ಮೊದಲೇ ಬ್ರಷ್ ಕೆಳಗಿಡಿ. ಹಸಿ ಅಕ್ರಿಲಿಕ್ ಮೇಲೆ ಇಬ್ಬನಿ ಬಿದ್ದರೆ ಹೊಳಪು ಹೋಗಿ ನೀರಿನ ಕಲೆ ಉಳಿಯುತ್ತದೆ.

ಹೊಡೆಯುವ ಕ್ರಮ

ಮೊದಲು ಸಣ್ಣ ಬ್ರಷ್‌ನಿಂದ ಅಂಚುಗಳು, ಸ್ಕ್ರೂ ತಲೆಗಳು, ಸಂದುಗಳು, ಬೆಸುಗೆಗಳಿಗೆ ಒಂದು ಕೋಟ್ ಹೊಡೆಯಿರಿ. ಒಣಗುವಾಗ ಬಣ್ಣ ಚೂಪು ಅಂಚಿನಿಂದ ಹಿಂದೆ ಸರಿದು ಅಲ್ಲಿ ತೆಳುವಾಗುತ್ತದೆ. ತುಕ್ಕು ಯಾವಾಗಲೂ ಅಂಚಿನಿಂದ ಶುರುವಾಗುವುದಕ್ಕೆ ಇದೂ ಒಂದು ಕಾರಣ. ಈ ಹೆಚ್ಚುವರಿ ಕೋಟ್‌ಗೆ ಅರ್ಧ ದಿನ ಹೋದರೂ ಬಿಡಬೇಡಿ.

ಆಮೇಲೆ ಮೇಲಿನಿಂದ ಕೆಳಗೆ. ಮಾಡು ಮೊದಲು, ಗೋಡೆ ಆಮೇಲೆ, ಬಾಗಿಲು ಕೊನೆಗೆ. ಅಲೆ ಇರುವ ಶೀಟ್‌ಗೆ ಉದ್ದ ರೋಮದ ರೋಲರ್ ಬೇಕು, 12ರಿಂದ 18 ಮಿಲಿಮೀಟರ್ ರೋಮದ್ದು. ಗಿಡ್ಡ ರೋಮದ್ದು ಏರುಗಳನ್ನು ಮಾತ್ರ ಮುಟ್ಟಿ ತಗ್ಗುಗಳನ್ನು ಬಿಟ್ಟುಬಿಡುತ್ತದೆ. ಅಗಲ ಕಿರಿದಾದ ರೋಲರ್ ತಗ್ಗಿನಲ್ಲಿ ಸುಲಭವಾಗಿ ಓಡುತ್ತದೆ. ನೀರಿನ ಬಣ್ಣಕ್ಕೆ ನೈಲಾನ್ ಬ್ರಷ್ ಬಳಸಿ, ಪ್ರಾಣಿಯ ಕೂದಲಿನದು ನೀರು ಹೀರಿ ಮೆತ್ತಗಾಗುತ್ತದೆ.

ಒಂದು ಸಲಕ್ಕೆ ಒಂದು ಶೀಟ್ ಅಗಲ ಹಿಡಿದು, ಸೂರಿನಿಂದ ನೆಲದವರೆಗೆ ಒಂದೇ ಉಸಿರಿಗೆ ಮುಗಿಸಿ. ನಿಲ್ಲಿಸುವುದಾದರೆ ಶೀಟ್ ಕೂಡುವ ಗೆರೆಯಲ್ಲೇ ನಿಲ್ಲಿಸಿ. ಗೋಡೆಯ ನಡುವೆ ನಿಲ್ಲಿಸಿದರೆ ಆ ಗುರುತು ಎಷ್ಟು ಕೋಟ್ ಹೊಡೆದರೂ ಹೋಗುವುದಿಲ್ಲ. ಅಕ್ರಿಲಿಕ್ ಬೇಗ ಆರುತ್ತದೆ. ಹಚ್ಚಿ ಹರಡಿ ಬಿಟ್ಟುಬಿಡಿ, ಮತ್ತೆ ಮತ್ತೆ ತೀಡಬೇಡಿ. ಮೊದಲ ಕೋಟ್‌ನಲ್ಲಿ ಕೆಳಗಿನದು ಮಸುಕಾಗಿ ಕಂಡರೆ ಗಾಬರಿ ಬೇಡ. ಮುಚ್ಚಲೇಬೇಕು ಅಂತ ದಪ್ಪ ಬಳಿದರೆ ಸೋರಿ ಇಳಿಯುತ್ತದೆ, ಒಳಗೆ ಹಸಿ ಉಳಿಯುತ್ತದೆ. ತೆಳುವಾದ ಎರಡು ಕೋಟ್ ಗಟ್ಟಿ. ಎರಡನೆಯದಕ್ಕೆ ಸಾಮಾನ್ಯವಾಗಿ ನಾಲ್ಕು ಗಂಟೆ ಕಾಯಬೇಕು, ತಂಪು ಅಥವಾ ತೇವದ ದಿನ ಇನ್ನೂ ಜಾಸ್ತಿ.

ಸ್ಪ್ರೇ ಮಾಡುವವರಿಗೆ: ಗನ್ ಗೋಡೆಯಿಂದ 25-30 ಸೆಂಟಿಮೀಟರ್ ದೂರ ಇರಲಿ. ಮಣಿಕಟ್ಟು ಬೀಸಬೇಡಿ, ಇಡೀ ತೋಳು ಗೋಡೆಗೆ ಸಮಾನಾಂತರವಾಗಿ ಸರಿಯಲಿ. ಪ್ರತಿ ಪಟ್ಟಿ ಹಿಂದಿನದರ ಅರ್ಧದ ಮೇಲೆ ಬೀಳಲಿ. ಅಲೆಯ ಎರಡೂ ಮಗ್ಗುಲಿಗೆ ಎರಡು ಕಡೆಯಿಂದ ಹೊಡೆಯಿರಿ. ಪ್ರೈಮರ್ ಕೋಟ್‌ನಲ್ಲಿ ಸ್ಪ್ರೇ ಮಾಡಿದ ಕೂಡಲೇ ರೋಲರ್ ಎಳೆದರೆ ಅದು ಸಂದಿಗೆಲ್ಲ ಒತ್ತಿ ಕೂರುತ್ತದೆ. ಗಾಳಿ ಬೀಸುವ ದಿನ ಬೇಡ, ಬಣ್ಣದ ತುಂತುರು ಪಕ್ಕದ ಕಾರಿನ ಮೇಲೂ ಕೂರುತ್ತದೆ. ಏರ್‌ಲೆಸ್ ಗನ್‌ನ ತುದಿಗೆ ಬೆರಳು ಒಡ್ಡಲೇಬೇಡಿ. ಅದರ ಒತ್ತಡ ಬಣ್ಣವನ್ನು ಚರ್ಮದೊಳಗೆ ನುಗ್ಗಿಸುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಬೆರಳೇ ಹೋಗಬಹುದು.

ಮಾಡಿನ ಕೆಲಸದಲ್ಲಿ ಆದಷ್ಟು ಏಣಿಯಿಂದ ಉದ್ದ ಹಿಡಿಯ ರೋಲರ್‌ನಲ್ಲೇ ಮುಗಿಸಿ. ಸಣ್ಣ ಶೆಡ್‌ನ ತೆಳು ಶೀಟ್ ಮನುಷ್ಯನ ಭಾರ ತಡೆಯುವಂಥದ್ದಲ್ಲ. ಹತ್ತಲೇಬೇಕಾದ ದೊಡ್ಡ ಶೆಡ್ ಆದರೆ ಕೆಳಗಿನ ಅಡ್ಡಪಟ್ಟಿಗಳ ಮೇಲೆ ಕೂರುವಂತೆ ಹಲಗೆ ಹಾಕಿ, ಸುರಕ್ಷತಾ ಬೆಲ್ಟ್ ಕಟ್ಟಿ. ಬೆಳಕಿಗೆ ಹಾಕಿದ ಪ್ಲಾಸ್ಟಿಕ್ ಶೀಟ್‌ಗೆ ಅಪ್ಪಿತಪ್ಪಿಯೂ ಬಣ್ಣ ಬಳಿಯಬೇಡಿ. ಬಳಿದರೆ ಅದು ಎಲ್ಲಿದೆ ಅಂತ ಮುಂದೆ ಹತ್ತುವವರಿಗೆ ಗೊತ್ತಾಗುವುದಿಲ್ಲ.

ಬಾಗಿಲನ್ನು ತೆರೆದಿಟ್ಟೇ ಬಣ್ಣ ಹೊಡೆಯಿರಿ, ತೆರೆದಿಟ್ಟೇ ಒಣಗಿಸಿ. ಮೇಲೆ ಒಣಗಿದಂತೆ ಕಂಡರೂ ಎರಡು ಬಣ್ಣದ ಮೈ ಒತ್ತಿಕೊಂಡರೆ ಒಂದಕ್ಕೊಂದು ಅಂಟುತ್ತವೆ. ರಾತ್ರಿ ಮುಚ್ಚಲೇಬೇಕಾದರೆ ಅಂಚಿಗೆ ಮೇಣದ ಕಾಗದ ಇಡಿ. ಜಾರು ಬಾಗಿಲಿನ ಹಳಿಗೆ, ಕೀಲಿನ ಕಡ್ಡಿಗೆ ಬಣ್ಣ ಬೇಡ.

ಮುಗಿದ ಮೇಲೆ

ಮುಟ್ಟಿದರೆ ಒಣಗಿದೆ ಅನ್ನಿಸುವುದು ಬೇರೆ, ಪೂರ್ತಿ ಗಟ್ಟಿಯಾಗುವುದು ಬೇರೆ. ಅದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಏಣಿ ಒರಗಿಸಬೇಡಿ, ಗೋಡೆಗೆ ಸಾಮಾನು ಒತ್ತಿ ಇಡಬೇಡಿ, ಉಜ್ಜಿ ತೊಳೆಯಬೇಡಿ. ಮಾಸ್ಕಿಂಗ್ ಟೇಪನ್ನು ಮಾತ್ರ ಕೊನೆಯ ಕೋಟ್ ಇನ್ನೂ ಹಸಿ ಇರುವಾಗಲೇ ತೆಗೆಯಿರಿ.

ಎಣ್ಣೆಯ ಬಣ್ಣ ಒರೆಸಿದ ಚಿಂದಿಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅವು ಒಣಗುವಾಗ ಬಿಸಿಯಾಗಿ ತಾವಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಬಿಡಿಸಿ ಒಣಗಿಸಿ. ಉಳಿದ ಬಣ್ಣ, ಥಿನ್ನರ್ ಚರಂಡಿಗೆ ಹೋಗಬಾರದು. ಸ್ವಲ್ಪ ಬಣ್ಣವನ್ನು ಗಾಳಿ ಹೋಗದ ಸಣ್ಣ ಡಬ್ಬಿಯಲ್ಲಿ ತುಂಬಿಡಿ. ಬಣ್ಣದ ಹೆಸರು, ನಂಬರ್, ಹೊಡೆದ ತಿಂಗಳು ಬರೆದು ಅಂಟಿಸಿ.

ವರ್ಷಕ್ಕೊಂದು ಸಲ ನೀರು ಮತ್ತು ಸ್ವಲ್ಪ ಸೋಪಿನಿಂದ ತೊಳೆದು, ಕೆಳ ಅಂಚಿಗೆ ಮತ್ತೆ ಮಣ್ಣು ಎಲೆ ಸೇರಿದ್ದರೆ ಬಿಡಿಸಿ, ಸ್ಕ್ರೂಗಳನ್ನು ನೋಡಿ. ಗೀರು ಬಿದ್ದು ತಗಡು ಕಂಡರೆ ಅದೇ ವಾರ ಉಜ್ಜಿ, ಪ್ರೈಮರ್ ಮುಟ್ಟಿಸಿ, ಎತ್ತಿಟ್ಟ ಡಬ್ಬಿಯಿಂದ ಎರಡು ಸಲ ಬಣ್ಣ ಹಚ್ಚಿ. ಹಚ್ಚಿದ ಜಾಗ ಸ್ವಲ್ಪ ಗಾಢವಾಗಿ ಕಾಣುತ್ತದೆ, ಸುತ್ತಲಿನದು ಅಷ್ಟರಲ್ಲಿ ತುಸು ಮಾಸಿರುತ್ತದಲ್ಲ. ಅದನ್ನು ಕಣ್ಣಿಗೆ ಮರೆ ಮಾಡಬೇಕು ಅನ್ನಿಸಿದರೆ ಚುಕ್ಕೆಯಷ್ಟೇ ಹಚ್ಚುವ ಬದಲು ಆ ಒಂದು ಶೀಟನ್ನು ಕೂಡುಗೆರೆಯಿಂದ ಕೂಡುಗೆರೆಯವರೆಗೆ ಹೊಡೆಯಿರಿ.